ಹೊರಗೆ ಹೋಗದ ಗಾಳಿ

‘ಡಾಕ್ಟರೇ, ಗಾಳಿ ಸಾಲುವುದಿಲ್ಲ.’ ಸಿಒಪಿಡಿ, ಅಂದರೆ ಶ್ವಾಸನಾಳಗಳಲ್ಲಿ ಅಡಚಣೆಯಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇರುವವರೆಲ್ಲ ಹೀಗೆಯೇ ಹೇಳುತ್ತಾರೆ. ಅವರ ಸಂಕಟ ನಿಜ. ಆದರೆ ಈ ಕಾಯಿಲೆಯಲ್ಲಿ ಮುಖ್ಯ ತೊಡಕಿರುವುದು ಉಸಿರು ಬಿಡುವಾಗ. ಇಷ್ಟು ಅರ್ಥವಾದರೆ ಔಷಧ, ವ್ಯಾಯಾಮ ಎಲ್ಲವೂ ಏಕೆಂದು ತಾನಾಗಿ ತಿಳಿಯುತ್ತದೆ.

ವರ್ಷಗಟ್ಟಲೆ ಹೊಗೆ ಕುಡಿದ ಶ್ವಾಸಕೋಶದಲ್ಲಿ ಗಾಳಿಗೂಡುಗಳ ಗೋಡೆ ಹಾಳಾಗಿ, ತಾನಾಗಿ ಕುಗ್ಗುವ ಗುಣ ಕಡಿಮೆಯಾಗಿರುತ್ತದೆ. ಸಣ್ಣ ನಾಳಗಳು ಊದಿಕೊಂಡು, ಕಫ ಕಟ್ಟಿ, ಉಸಿರು ಬಿಡುವಾಗಲೇ ಮುಚ್ಚಿಕೊಳ್ಳುತ್ತವೆ. ಇಳಿಯುವವರು ಇಳಿಯದೆ ಹತ್ತುವವರಿಗೆ ಜಾಗವಿಲ್ಲದ ಬಸ್ಸಿನ ಸ್ಥಿತಿ ಅದು. ಮೆಟ್ಟಿಲು ಹತ್ತಿದಾಗ ಉಸಿರಾಟ ಚುರುಕಾದಷ್ಟೂ ಗಾಳಿ ಒಳಗೇ ತುಂಬಿಕೊಂಡು ಎದೆ ಬಿಗಿಯುತ್ತದೆ.

ಬೀಡಿ, ಸಿಗರೇಟು ದೊಡ್ಡ ಕಾರಣ. ಯಾವ ವಯಸ್ಸಿನಲ್ಲಿ ಬಿಟ್ಟರೂ ಶ್ವಾಸಕೋಶ ಸವೆಯುವ ವೇಗ ತಗ್ಗುತ್ತದೆ. ಆದರೆ ಹಳ್ಳಿಯಿಂದ ಬರುವ ಎಷ್ಟೋ ಹೆಂಗಸರು ಬೀಡಿ ಮುಟ್ಟಿದವರೇ ಅಲ್ಲ. ಸೌದೆ ಒಲೆಯ ಮುಂದೆ ಊದುಗೊಳವೆ ಹಿಡಿದು ಆಯುಷ್ಯ ಕಳೆದವರು. ‘ವಯಸ್ಸಾಯಿತಲ್ಲ, ದಮ್ಮು ಬಂದೇ ಬರುತ್ತದೆ’ ಎಂದು ಮನೆಯವರು ಸುಮ್ಮನಿರುವುದು ನನಗೆ ಬಹಳ ನೋವು ತರುತ್ತದೆ. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಬಡವರ ಅಡುಗೆಮನೆಗೂ ಗ್ಯಾಸ್ ಬಂದಿದೆ. ಆದರೂ ಎಷ್ಟೋ ಮನೆಗಳಲ್ಲಿ ಬಚ್ಚಲ ಹಂಡೆಯ ಕೆಳಗೆ ಇನ್ನೂ ಸೌದೆ, ತೆಂಗಿನ ಮಟ್ಟೆ ಉರಿಯುತ್ತವೆ. ‘ಸ್ನಾನದ ನೀರು ಹೇಗೆ ಕಾಯಿಸುತ್ತೀರಮ್ಮ?’ ಎಂದು ನಾನು ತಪ್ಪದೆ ಕೇಳುತ್ತೇನೆ.

ಎಕ್ಸ್‌ರೇ ಚೆನ್ನಾಗಿದೆಯೆಂದು ಸಮಾಧಾನಪಡಬೇಡಿ. ಆರಂಭದ ಕಾಯಿಲೆ ಅದರಲ್ಲಿ ಕಾಣದಿರಬಹುದು. ಯಂತ್ರದೊಳಗೆ ಊದಿಸಿ ಉಸಿರನ್ನು ಅಳೆಯುವ ಸ್ಪೈರೊಮೆಟ್ರಿ ಪರೀಕ್ಷೆ ಮಾಡಿಸಬೇಕು. ನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ, ಜೋರಾಗಿ ಊದಿದ ಒಟ್ಟು ಗಾಳಿಯಲ್ಲಿ ಶೇ 70ಕ್ಕಿಂತ ಕಡಿಮೆ ಮೊದಲ ಸೆಕೆಂಡಿನಲ್ಲಿ ಹೊರಬಂದರೆ ಅಡಚಣೆ ಇದೆಯೆಂದೇ ಅರ್ಥ.

ಇನ್ಹೇಲರ್ ಚಟವಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಔಷಧ ಸರಿಯಾಗಿ ಒಳಗೆ ಹೋಗದಿರುವುದೇ ನಿಜವಾದ ಚಿಂತೆ. ಒತ್ತುವುದಕ್ಕೂ ಎಳೆದುಕೊಳ್ಳುವುದಕ್ಕೂ ಹೊಂದಿಕೆ ತಪ್ಪಿದರೆ ಔಷಧದ ಹೆಚ್ಚಿನ ಪಾಲು ಬಾಯಿ, ಗಂಟಲಲ್ಲೇ ಉಳಿಯುತ್ತದೆ. ಇನ್ಹೇಲರ್‌ಗೆ ಸ್ಪೇಸರ್ ಎಂಬ ಕೊಳವೆ ಹಾಕಿಕೊಂಡು, ಮೊದಲು ಉಸಿರು ಪೂರ್ತಿ ಬಿಟ್ಟು, ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಹಿಡಿಯಿರಿ. ಪುಡಿಯ ಇನ್ಹೇಲರ್ ಆದರೆ ಜೋರಾಗಿ, ಆಳವಾಗಿ ಎಳೆಯಬೇಕು. ಸ್ಟಿರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗುಳಿ. ಮುಂದಿನ ಸಲ ಬರುವಾಗ ಇನ್ಹೇಲರ್ ತಂದು ವೈದ್ಯರೆದುರೇ ಬಳಸಿ ತೋರಿಸಿ.

ಏದುಸಿರು ಬಂದಾಗ ಮುಂದಕ್ಕೆ ಬಾಗಿ ಕುಳಿತು, ಎರಡು ಎಣಿಸುತ್ತ ಮೂಗಿನಿಂದ ಎಳೆದು, ತುಟಿ ಕಿರಿದು ಮಾಡಿ ನಾಲ್ಕು ಎಣಿಸುತ್ತ ಬಿಡಿ. ಹೀಗೆ ಬಿಟ್ಟರೆ ನಾಳಗಳು ಬೇಗ ಮುಚ್ಚಿಕೊಳ್ಳದೆ ಹಳೆಯ ಗಾಳಿ ಖಾಲಿಯಾಗುತ್ತದೆ. ಕೊಡ ಎತ್ತುವಾಗಲೂ ಉಸಿರು ಬಿಡುತ್ತಲೇ ಎತ್ತಿ. ದಮ್ಮಿಗೆ ಹೆದರಿ ನಡಿಗೆ ನಿಲ್ಲಿಸಬೇಡಿ. ಕಾಲಿನ ಸ್ನಾಯು ಸೋತರೆ ಮರುದಿನ ಅಷ್ಟೇ ದೂರಕ್ಕೆ ಇನ್ನೂ ಹೆಚ್ಚು ಏದುಸಿರು.

ಆಮ್ಲಜನಕದ ಯಂತ್ರ ಎಲ್ಲರಿಗೂ ಬೇಡ. ಸುಮ್ಮನೆ ಕುಳಿತಾಗಲೂ ರಕ್ತದ ಆಮ್ಲಜನಕ ಶೇ 88 ಅಥವಾ ಅದಕ್ಕಿಂತ ಕೆಳಗೇ ಉಳಿದರೆ ದಿನಕ್ಕೆ 15 ಗಂಟೆಗಾದರೂ ಬೇಕಾಗುತ್ತದೆ. ವೈದ್ಯರು ಹೇಳಿದ ಪ್ರಮಾಣ ಮೀರಿ ತಿರುಗಿಸಬೇಡಿ, ಕೆಲವರಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಯಂತ್ರದ ಬಳಿ ಬೀಡಿ, ದೀಪ ಯಾವ ಕಿಡಿಯೂ ಸುಳಿಯಬಾರದು.

ಫ್ಲೂ ಲಸಿಕೆ ಪ್ರತಿ ವರ್ಷ ಹಾಕಿಸಿ. ಕಫ ಹೆಚ್ಚಿ ಹಳದಿ, ಹಸಿರಾದರೆ ಅಥವಾ ದಮ್ಮು ಎಂದಿಗಿಂತ ಜಾಸ್ತಿಯಾದರೆ ಅದೇ ದಿನ ವೈದ್ಯರಿಗೆ ತೋರಿಸಿ. ತುಟಿ ನೀಲಿಯಾದರೆ ಅಥವಾ ಮಂಪರು ಕವಿದರೆ 108ಕ್ಕೆ ಕರೆ ಮಾಡಿ.