ದುಬಾರಿ ಬೇಸ್ ಕೊಳ್ಳುವ ಮುನ್ನ: ಕೊರತೆ ಎಲ್ಲಿದೆ ಎಂದು ಹುಡುಕುವ ಟಿಪ್ಪಣಿ

ಬೇಸ್ ಗಿಟಾರ್ ಕಲಿಯಲು ಹಿಡಿದು ಒಂದೆರಡು ವರ್ಷವಾದ ಮೇಲೆ ಈ ಪ್ರಶ್ನೆ ಬಂದೇ ಬರುತ್ತದೆ. ಕೈಯಲ್ಲಿರುವುದನ್ನು ಮಾರಿ, ಮೂರು ಪಟ್ಟು ಬೆಲೆಯದನ್ನು ತರಲೇ? ನಾನು ಕಂಡುಕೊಂಡ ದಾರಿ ಒಂದೇ: ಈಗಿರುವ ವಾದ್ಯದಲ್ಲಿ ಏನು ಸರಿಯಿಲ್ಲ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಬರೆಯಲು ಬಾರದಿದ್ದರೆ ಅಂಗಡಿಗೆ ಹೋಗುವ ಸಮಯ ಇನ್ನೂ ಬಂದಿಲ್ಲ.

ನನ್ನ ಮೊದಲ ವಾಕ್ಯ ಹೀಗಿತ್ತು: "ಇ ತಂತಿಯಲ್ಲಿ ಮೊದಲ ನಾಲ್ಕು ಫ್ರೆಟ್ ಒತ್ತಿದರೆ ಗಿರ್ರ್ ಅನ್ನುತ್ತದೆ." ಇ ಎಂದರೆ ಎಲ್ಲಕ್ಕಿಂತ ದಪ್ಪನೆಯ, ತಗ್ಗಿನ ಸ್ವರದ ತಂತಿ; ಫ್ರೆಟ್ ಎಂದರೆ ನೆಕ್ (ವಾದ್ಯದ ಉದ್ದನೆಯ ಕತ್ತು) ಮೇಲಿನ ಲೋಹದ ಅಡ್ಡಪಟ್ಟಿ. ಅಗ್ಗದ ವಾದ್ಯ, ಇಷ್ಟೇ ಇದರ ಹಣೆಬರಹ ಎಂದುಕೊಂಡಿದ್ದೆ. ರಿಪೇರಿಯವರು ಒಂದು ಕೈಯಲ್ಲಿ ಮೊದಲ ಫ್ರೆಟ್, ಇನ್ನೊಂದು ಕೈಯಲ್ಲಿ ಕೊನೆಯ ಫ್ರೆಟ್ ಒತ್ತಿ ಹಿಡಿದು, ಏಳನೇ ಫ್ರೆಟ್ ಹತ್ತಿರ ನೋಡು ಅಂದರು. ತಂತಿ ಫ್ರೆಟ್‌ಗೆ ಅಂಟಿಕೊಂಡೇ ಇತ್ತು. ಅಲ್ಲಿ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ ಸುಮಾರು 0.3 ಮಿಲಿಮೀಟರ್ ಸಂದು ಇರಬೇಕು. ಬೇಸಿಗೆಯ ಒಣಹವೆಗೆ ನೆಕ್ ಹಿಂದಕ್ಕೆ ಬಾಗಿತ್ತು. ನೆಕ್ ಒಳಗಿದ್ದು ಅದರ ಬಾಗನ್ನು ಹಿಡಿತದಲ್ಲಿಡುವ ಲೋಹದ ಸರಳು, ಟ್ರಸ್ ರಾಡನ್ನು ಕಾಲು ಸುತ್ತು ಸಡಿಲಿಸಿ, ತಂತಿಯ ಎತ್ತರ ಸರಿಮಾಡಿ ಕೊಟ್ಟರು. ಗಿರ್ರ್ ಸದ್ದು ಹೋಯಿತು. ಆದ್ದರಿಂದ ಮೊದಲ ಖರ್ಚು ಸೆಟಪ್, ಅಂದರೆ ಈ ಬಗೆಯ ಹೊಂದಾಣಿಕೆ, ಮತ್ತು ಹೊಸ ತಂತಿ; ಹೊಸ ವಾದ್ಯದ ಮಾತು ಆಮೇಲೆ.

ಹಾಗಾದರೆ ಹೆಚ್ಚಿನ ಬೆಲೆ ಎಲ್ಲಿಗೆ ಹೋಗುತ್ತದೆ? ಅಮೆರಿಕದ ಫೆಂಡರ್ ಕಂಪನಿಯ ಪ್ರೆಸಿಷನ್ ಬೇಸನ್ನೇ ನೋಡಿ. ಲಿಯೋ ಫೆಂಡರ್ ಅದನ್ನು 1951ರಲ್ಲಿ ಹೊರತಂದರು, 1957ರಲ್ಲಿ ಅದಕ್ಕೆ ಎರಡು ತುಂಡಾದ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಬಂತು. ಅದೇ ಕಂಪನಿಯ ಅಗ್ಗದ ಸಾಲು ಸ್ಕ್ವೈಯರ್. ಮಧ್ಯಮ ಬೆಲೆಯದು ಮೆಕ್ಸಿಕೋದಲ್ಲಿ, ದುಬಾರಿಯದು ಕ್ಯಾಲಿಫೋರ್ನಿಯಾದಲ್ಲಿ ತಯಾರಾಗುತ್ತದೆ. ಮೂರರಲ್ಲೂ ತಂತಿಯ ಅಳತೆ 34 ಇಂಚು, ಪಿಕಪ್ ಕೂರುವ ಜಾಗವೂ ಹೆಚ್ಚುಕಡಿಮೆ ಅದೇ. ವಾದ್ಯದ ಮೂಲ ಕಲ್ಪನೆಗೆ ನೀವು ಹೆಚ್ಚು ದುಡ್ಡು ಕೊಡುತ್ತಿಲ್ಲ. ಕೊಡುವುದು ಕೈಗೆಲಸಕ್ಕೆ, ಬಿಡಿಭಾಗಗಳಿಗೆ, ಆ ದೇಶದ ಕೂಲಿಗೆ, ಹೆಸರಿಗೆ. ಇವುಗಳಲ್ಲಿ ನಿಮ್ಮ ಬೆರಳಿಗೆ ಗೊತ್ತಾಗುವುದು ಕೈಗೆಲಸ ಒಂದೇ. ಫ್ರೆಟ್ ತುದಿಗಳನ್ನು ಗುಂಡಗೆ ಉಜ್ಜಿದ್ದಾರೆಯೇ ಎಂದು ನೆಕ್ ಅಂಚಿನ ಮೇಲೆ ಅಂಗೈ ಜಾರಿಸಿ ನೋಡಿ. ಆದರೆ ಮಂಗಳೂರಿನ ತೇವದಿಂದ ಬಳ್ಳಾರಿಯ ಬಿಸಿಲಿಗೆ ಬಂದ ನೆಕ್‌ನ ಮರ ಕುಗ್ಗಿದರೆ, ಚೆನ್ನಾಗಿ ಉಜ್ಜಿದ ಫ್ರೆಟ್ ತುದಿಗಳೂ ಹೊರಗೆ ಚುಚ್ಚಬಹುದು. ಅದನ್ನು ಅರ ಹಾಕಿ ಸರಿಮಾಡಬಹುದು.

ಇನ್ನು ನಾದ. ಫ್ರೆಟ್ ಒತ್ತದೆ ಬಿಟ್ಟ ಇ ತಂತಿಯ ಕಂಪನ 41 ಹರ್ಟ್ಸ್. ಮನೆಯ ಪುಟ್ಟ ಆಂಪ್ (ಸದ್ದು ಹಿಗ್ಗಿಸುವ ಪೆಟ್ಟಿಗೆ) ಅಷ್ಟು ತಗ್ಗಿನ ಸ್ವರವನ್ನು ಸರಿಯಾಗಿ ಹೊರಡಿಸುವುದೇ ಇಲ್ಲ. ಅದರ ಮೇಲಿನ 82, 123 ಹರ್ಟ್ಸ್‌ಗಳನ್ನು ಕೇಳಿ ನಮ್ಮ ಕಿವಿಯೇ ಕೆಳಗಿನದನ್ನು ತುಂಬಿಕೊಳ್ಳುತ್ತದೆ. "ನನ್ನ ಬೇಸ್‌ಗೆ ತೂಕವಿಲ್ಲ" ಎಂದು ಬರೆದಿದ್ದರೆ, ದೋಷ ಆಂಪ್‌ನದ್ದಾಗಿರುವ ಸಾಧ್ಯತೆಯೇ ಹೆಚ್ಚು. ಬೆರಳಿನದ್ದೂ ಆಗಿರಬಹುದು. ಅಮೆರಿಕದ ಮೋಟೌನ್ ಕಂಪನಿಯ ಧ್ವನಿಮುದ್ರಣಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ 1962ರ ಪ್ರೆಸಿಷನ್‌ಗೆ ನುಣುಪು ಸುತ್ತಿನ ದಪ್ಪ ತಂತಿ ಹಾಕಿ, ಬಲಗೈ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ಅವರ ಧ್ವನಿಯಲ್ಲಿ ಆ ಬೆರಳು, ಆ ಹಳೆಯ ತಂತಿಗಳ ಪಾಲು ದೊಡ್ಡದು.

ಅಂಗಡಿಯಲ್ಲಿ ಹೋಲಿಸುವಾಗ ನಿಮ್ಮ ವಾದ್ಯವನ್ನೇ ಜೊತೆಗೆ ಒಯ್ಯಿರಿ. ಒಂದೇ ಆಂಪ್, ಒಂದೇ ಕೇಬಲ್. ಎಲ್ಲಕ್ಕಿಂತ ಮುಖ್ಯವಾಗಿ, ಎರಡರ ಸದ್ದಿನ ಮಟ್ಟ ಒಂದೇ ಇರಲಿ. ಒಳಗೇ ಒಂಬತ್ತು ವೋಲ್ಟ್ ಬ್ಯಾಟರಿಯಿಂದ ಸದ್ದನ್ನು ಹಿಗ್ಗಿಸುವ ಆ್ಯಕ್ಟಿವ್ ಬೇಸ್ ಸಾಮಾನ್ಯವಾಗಿ ಜೋರಾಗಿ ನುಡಿಯುತ್ತದೆ, ಜೋರಾದದ್ದು ಕಿವಿಗೆ ಚೆಂದವಾಗಿಯೂ ಕೇಳುತ್ತದೆ. ಆಂಪ್‌ನ ವಾಲ್ಯೂಮ್ ಇಳಿಸಿ ಸಮಮಾಡಿದ ಮೇಲೂ ಚೆಂದ ಉಳಿದರೆ ಆಗ ನಂಬಿ. ಎರಡು ಪಿಕಪ್ ಇರುವ ಫೆಂಡರ್‌ನ ಇನ್ನೊಂದು ಮಾದರಿ, ಜ್ಯಾಸ್ ಬೇಸ್‌ನ ಒಂದು ಪಿಕಪ್ಪನ್ನು ತಗ್ಗಿಸಿದಾಗ ಗುಂಯ್ ಎಂದರೆ ಗಾಬರಿಯಾಗಬೇಡಿ. ಎರಡನ್ನೂ ಪೂರ್ತಿ ತೆರೆದರೆ ಒಂದರ ಗುಂಯ್ ಇನ್ನೊಂದನ್ನು ಅಳಿಸುತ್ತದೆ, ಅದರ ಜೋಡಣೆಯೇ ಹಾಗೆ.

ರಿಪೇರಿಗೆ ಬಗ್ಗದ ಕೊರತೆಗಳೂ ಇವೆ, ಹೊಸದನ್ನು ಕೊಳ್ಳಲು ನಿಜವಾದ ಕಾರಣ ಅವೇ. ನೆಕ್ ತಿರುಚಿಕೊಂಡಿರುವುದು, ಟ್ರಸ್ ರಾಡ್ ಇನ್ನು ತಿರುಗಲಾರದಷ್ಟು ಬಿಗಿಯಾಗಿರುವುದು, ಹೆಗಲಿಗೆ ಒಗ್ಗದ ಭಾರ, ಬೆರಳಿಗೆ ಒಗ್ಗದ ಅಗಲ. ನಟ್ (ನೆಕ್ ಮೇಲ್ತುದಿಯಲ್ಲಿ ತಂತಿಗಳು ಕೂರುವ ಗೀರುಪಟ್ಟಿ) ಬಳಿ ನೆಕ್‌ನ ಅಗಲ ಜ್ಯಾಸ್ ಬೇಸ್‌ನಲ್ಲಿ ಸುಮಾರು 38 ಮಿಲಿಮೀಟರ್, ಪ್ರೆಸಿಷನ್‌ನಲ್ಲಿ ಸಾಮಾನ್ಯವಾಗಿ 41ರ ಆಸುಪಾಸು. ಮೂರು ಮಿಲಿಮೀಟರ್ ಎಂದರೆ ಕಾಗದದ ಮೇಲೆ ಏನೂ ಅಲ್ಲ, ಎರಡು ಗಂಟೆ ನುಡಿಸಿದ ಕಿರುಬೆರಳನ್ನು ಕೇಳಿ.

ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಸತ್ತ ಸ್ವರದ ಬಗ್ಗೆ. ನನ್ನ ವಾದ್ಯದಲ್ಲಿ ಜಿ ತಂತಿಯ ಆರನೇ ಫ್ರೆಟ್, ಅಂದರೆ ಸಿ ಶಾರ್ಪ್, ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಒಂದು, ಮೀಟಿದ ಕೂಡಲೇ ಬಾಡುತ್ತಿತ್ತು. ಅಕ್ಕಪಕ್ಕದ ಸ್ವರಗಳು ಎಂಟು ಎಣಿಸುವವರೆಗೆ ನಿಂತರೆ ಇದು ಮೂರಕ್ಕೇ ಮುಗಿಯುತ್ತಿತ್ತು. ನೆಕ್ ತನ್ನದೇ ಲಯದಲ್ಲಿ ನಡುಗುವ ಕಂಪನಕ್ಕೆ ಆ ಸ್ವರ ತಾಳೆಯಾದಾಗ, ತಂತಿಯ ಶಕ್ತಿಯನ್ನು ಮರವೇ ಹೀರಿಬಿಡುತ್ತದೆ. ನೆಕ್ ತುದಿಯಲ್ಲಿ ತಂತಿ ಬಿಗಿಯುವ ಕಿವಿಗಳಿರುವ ಹೆಡ್‌ಸ್ಟಾಕ್‌ಗೆ ಭಾರದ ಕ್ಲಿಪ್ ಸಿಕ್ಕಿಸಿದರೆ ಆ ಜಾಗ ಆಚೀಚೆ ಸರಿಯುತ್ತದೆ, ಅಷ್ಟೇ. ಮರದ ನೆಕ್ಕನ್ನು ಸ್ಕ್ರೂ ಹಾಕಿ ಕೂರಿಸಿದ ಬೇಸ್‌ಗಳಲ್ಲಿ ಇದು ಜಿ ತಂತಿಯ ಐದರಿಂದ ಏಳನೇ ಫ್ರೆಟ್‌ಗಳ ನಡುವೆ ಸಾಮಾನ್ಯ. ದುಬಾರಿ ವಾದ್ಯಗಳಿಗೂ ಇದರಿಂದ ವಿನಾಯಿತಿ ಇಲ್ಲ! ಹಾಗಾಗಿ ಬೆಲೆಚೀಟಿ ನೋಡುವ ಮೊದಲು ಆ ಮೂರು ಸ್ವರಗಳನ್ನು ಒಂದೊಂದಾಗಿ ಹಿಡಿದು ಎಣಿಸಿ. ಒಂದೇ ಮಾದರಿಯ ಎರಡು ಬೇಸ್ ಇದ್ದರೆ ಎರಡನ್ನೂ ಎಣಿಸಿ, ಲೆಕ್ಕ ಬೇರೆಬೇರೆ ಬರಬಹುದು.

ಸೆಟಪ್, ತಂತಿ, ಆಂಪ್ ಎಲ್ಲ ಮುಗಿದ ಮೇಲೂ ನನ್ನ ಪುಸ್ತಕದಲ್ಲಿ ಎರಡು ವಾಕ್ಯ ಉಳಿದವು: ಆ ಸಿ ಶಾರ್ಪ್, ಮತ್ತು ನಿಂತು ನುಡಿಸುವಾಗ ನೆಲಕ್ಕೆ ಬಾಗುವ ಹೆಡ್‌ಸ್ಟಾಕ್. ಅವೆರಡನ್ನೇ ಹಿಡಿದು ಅಂಗಡಿಯಲ್ಲಿ ನಾಲ್ಕು ಬೇಸ್ ನೋಡಿದೆ. ಹೆಗಲಿಗೆ ಪಟ್ಟಿ ಹಾಕಿಕೊಂಡು ಕೈ ಬಿಟ್ಟಾಗ ಸಮತೂಕದಲ್ಲಿ ನಿಂತದ್ದು, ಆ ಸ್ವರ ಏಳರವರೆಗೆ ಎಳೆದದ್ದು, ಬೆಲೆಯಲ್ಲಿ ಎರಡನೆಯದು. ಅದನ್ನೇ ತಂದೆ.