ಏಳರಲ್ಲಿ ಆರು ಪರ ಊರಿನಲ್ಲಿ: ಬೆಂಗಳೂರಿನ ಫುಟ್‌ಬಾಲ್ ಅಭಿಮಾನಿಗಳ ನೆನಪಿನ ಹಾದಿ

ಮಾರ್ಚ್ 17 ಬಂತೆಂದರೆ ಬೆಂಗಳೂರಿನ ಫುಟ್‌ಬಾಲ್ ಅಭಿಮಾನಿಗಳಿಗೆ ಎರಡು ನೆನಪು ಒಟ್ಟಿಗೆ ಬರುತ್ತವೆ. 2018ರ ಆ ದಿನ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್ ನಮ್ಮ ಕಂಠೀರವದಲ್ಲೇ ಇತ್ತು. ಒಂಬತ್ತನೇ ನಿಮಿಷಕ್ಕೇ ನಮ್ಮ ಬೆಂಗಳೂರು ಎಫ್‌ಸಿ ನಾಯಕ ಸುನಿಲ್ ಚೆಟ್ರಿ ಮುಂದಕ್ಕೆ ಹಾರಿ ತಲೆಯಿಂದ ಗೋಲ್ ಹೊಡೆದರು. ಇನ್ನೇನು, ಕಪ್ ನಮ್ಮದೇ ಅಂದುಕೊಂಡೆವು. ಆಮೇಲೆ ಚೆನ್ನೈಯಿನ್ ತಂಡದ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳಿಗೆ ತಲೆಕೊಟ್ಟು ಗೋಲ್ ಮಾಡಿದರು. 3–2ರಿಂದ ಚೆನ್ನೈ ಗೆದ್ದಿತು. ಮನೆಯಂಗಳದಲ್ಲೇ ಬೇರೆಯವರು ಕಪ್ ಎತ್ತುವುದನ್ನು ನಿಂತು ನೋಡಿದೆವು.

ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ಕ್ಕೆ, ಮುಂಬೈನ ಅಂಧೇರಿಯಲ್ಲಿ ಮತ್ತೆ ಫೈನಲ್. ಎದುರಿಗೆ ಎಫ್‌ಸಿ ಗೋವಾ. ನಾವು ಕೆಲವರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಒಂದು ಹಗಲು, ಒಂದು ರಾತ್ರಿ ಕೂತು ಹೋಗಿದ್ದೆವು. ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲ. 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್ ಹೊಡೆದರು, ರಾಹುಲ್ ಭೇಕೆ ತಲೆ ತಾಗಿಸಿದರು. ಭೇಕೆ ಮುಂಬೈನದೇ ಹುಡುಗ. ಪಕ್ಕದಲ್ಲಿದ್ದವರು ಯಾರೋ ಗೊತ್ತಿಲ್ಲ, ಬೆವರಿನಲ್ಲಿ ತೊಯ್ದ ನೀಲಿ ಜರ್ಸಿ, ನನ್ನನ್ನು ಅನಾಮತ್ತಾಗಿ ಎತ್ತಿಬಿಟ್ಟರು. ರಾತ್ರಿ ಸ್ಟೇಷನ್ ಹೊರಗೆ ವಡಾಪಾವ್ ಅಂಗಡಿ ಮುಂದೆ ನಿಂತಾಗ ನಮ್ಮಲ್ಲಿ ಒಬ್ಬರಿಗೂ ದನಿ ಇರಲಿಲ್ಲ. ಬೆರಳು ಮಡಚಿ ನಾಲ್ಕು ಅಂತ ತೋರಿಸಿದೆವು. ಅಂಗಡಿಯವರು ನಮ್ಮ ಜರ್ಸಿ ನೋಡಿ ನಕ್ಕು, ಐದು ಕಟ್ಟಿಕೊಟ್ಟರು.

ಆಮೇಲೆ ಒಂದು ದಿನ ಸುಮ್ನೆ ಕೂತು ಲೆಕ್ಕ ಹಾಕಿದೆ. ಬೆಂಗಳೂರು ಎಫ್‌ಸಿ ಇದುವರೆಗೆ ಗೆದ್ದ ದೊಡ್ಡ ಟ್ರೋಫಿಗಳು ಏಳು. 2014ರ ಐ-ಲೀಗ್, ಆಗ ದೇಶದ ಮುಖ್ಯ ಲೀಗ್ ಅದೇ, ಗೋವಾದ ಮಡಗಾಂವ್‌ನಲ್ಲಿ ಖಚಿತವಾಯಿತು. 2015ರ ಜನವರಿಯ ಫೆಡರೇಷನ್ ಕಪ್ ಕೂಡ ಅಲ್ಲೇ. 2017ರ ಫೆಡರೇಷನ್ ಕಪ್ ಕಟಕ್‌ನಲ್ಲಿ, 2018ರ ಸೂಪರ್ ಕಪ್ ಭುವನೇಶ್ವರದಲ್ಲಿ, 2019ರ ಐಎಸ್‌ಎಲ್ ಮುಂಬೈನಲ್ಲಿ, 2022ರ ಡುರಾಂಡ್ ಕಪ್ ಕೋಲ್ಕತ್ತದಲ್ಲಿ. ತವರಿನ ಜನರ ಮುಂದೆ ಗೆದ್ದದ್ದು 2016ರ ಐ-ಲೀಗ್ ಒಂದೇ. ಕಪ್ ಫೈನಲ್‌ಗಳ ಜಾಗ ಮೊದಲೇ ನಿಗದಿಯಾಗಿರುತ್ತದೆ, ಅದೇನೋ ನಿಜ. ಆದರೆ ಇದರಿಂದ ಇಲ್ಲಿನ ಅಭಿಮಾನಿಯ ನೆನಪಿಗೆ ಬೇರೆಯದೇ ಒಂದು ರೂಪ ಬಂದಿದೆ. ನಮ್ಮ ಒಳ್ಳೆಯ ಕಥೆಗಳಲ್ಲಿ ಯಾವಾಗಲೂ ಒಂದು ರೈಲಿರುತ್ತದೆ, ಇಲ್ಲವೇ ಒಂದು ರಾತ್ರಿ ಬಸ್ಸಿರುತ್ತದೆ.

ಈ ಊರಿನ ಫುಟ್‌ಬಾಲ್‌ಗೆ ಪ್ರಯಾಣ ಹೊಸದಲ್ಲ. ಹಿಂದೆ ಆಟಗಾರರು ಹೋಗುತ್ತಿದ್ದರು, ಜನ ಇಲ್ಲೇ ಉಳಿಯುತ್ತಿದ್ದರು. ಅಷ್ಟೇ ವ್ಯತ್ಯಾಸ.

1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬಾಂಬೆಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. ಬ್ರಿಟಿಷ್ ಪಲ್ಟನ್‌ಗಳೇ ಗೆಲ್ಲುತ್ತಿದ್ದ ಆ ಕಪ್ಪನ್ನು ಒಂದು ಭಾರತೀಯ ತಂಡ ಎತ್ತಿದ್ದು ಅದೇ ಮೊದಲು. ಮರುವರ್ಷವೂ ಅವರೇ ಗೆದ್ದರು. 1948ರಲ್ಲಿ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ತಂಡ ಫ್ರಾನ್ಸ್ ವಿರುದ್ಧ ಆಡಿತು, ಹೆಚ್ಚಿನವರು ಬರಿಗಾಲಿನಲ್ಲಿ. ಎರಡು ಪೆನಾಲ್ಟಿ ತಪ್ಪಿಹೋದವು, 2–1ರಿಂದ ಸೋತರು. ಆ ಒಂದು ಗೋಲ್ ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲ್ ಅದು. ಎಷ್ಟು ಜನ ಕನ್ನಡಿಗರಿಗೆ ಈ ಹೆಸರು ಗೊತ್ತು? ನನಗೂ ಮೂವತ್ತು ದಾಟುವವರೆಗೆ ಗೊತ್ತಿರಲಿಲ್ಲ.

ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಅವರು ಕಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಐವರು ಮುನ್ಪಡೆ ಆಟಗಾರರನ್ನು ಜನ ಪಂಚಪಾಂಡವರು ಅಂತ ಕರೆದರು, ಖಾನ್ ಅವರಲ್ಲೊಬ್ಬರು. 1951ರ ಏಷ್ಯನ್ ಗೇಮ್ಸ್ ಚಿನ್ನದ ತಂಡದಲ್ಲೂ ಇದ್ದರು. ಕೋಲ್ಕತ್ತದಲ್ಲಿ ಅವರ ಹೆಸರು ಹೇಳಿದರೆ ವಯಸ್ಸಾದವರು ಕುರ್ಚಿ ಎಳೆದು ಕೂರಿಸಿ ಮಾತಾಡುತ್ತಾರೆ. 2017ರಲ್ಲಿ ಅವರು ತೀರಿಕೊಂಡಾಗ ನಮ್ಮ ಊರು ಅವರನ್ನು ಇನ್ನೂ ದೊಡ್ಡದಾಗಿ ನೆನೆಯಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ಆಗ ಅಭಿಮಾನಿಗಳು ತಂಡದ ಹಿಂದೆ ಯಾಕೆ ಹೋಗುತ್ತಿರಲಿಲ್ಲ? ದುಡ್ಡಿನ ಮಾತು ಇದ್ದೇ ಇದೆ. ಅದಕ್ಕಿಂತ ಮುಖ್ಯ ಕಾರಣ, ಆಗ ಆಟದ ವ್ಯವಸ್ಥೆಯೇ ಬೇರೆ ಇತ್ತು. ರೋವರ್ಸ್ ಇರಲಿ, ಡುರಾಂಡ್ ಇರಲಿ, ನಮ್ಮದೇ ಸ್ಟಾಫರ್ಡ್ ಕಪ್ ಇರಲಿ, ಎಲ್ಲ ತಂಡಗಳೂ ಒಂದೇ ಊರಿಗೆ ಬಂದು ಅಲ್ಲೇ ಕೆಲವು ವಾರ ಇದ್ದು ಆಡಿ ಹೋಗುವ ಟೂರ್ನಿಗಳು. ಇವತ್ತು ನಮ್ಮಲ್ಲಿ, ಇನ್ನೊಂದು ದಿನ ನಿಮ್ಮಲ್ಲಿ ಅನ್ನುವ ಪದ್ಧತಿ ದೇಶದ ಮಟ್ಟದಲ್ಲಿ ಶುರುವಾಗಿದ್ದು 1996ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಬಂದಾಗ. ಅಲ್ಲಿಯವರೆಗೆ 'ಅವೇ ಮ್ಯಾಚ್' ಅನ್ನುವ ಮಾತಿಗೇ ಇಲ್ಲಿ ಅರ್ಥ ಇರಲಿಲ್ಲ. ನೆನಪು ಹುಟ್ಟುತ್ತಿದ್ದುದು ಪೇಪರ್ ಓದಿ, ರೇಡಿಯೊ ಕೇಳಿ, ರಜೆಗೆ ಬಂದ ಆಟಗಾರನ ಬಾಯಿಂದ ಕೇಳಿ.

ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಮಾತ್ರ ಸ್ವಲ್ಪ ಬೇರೆ. ಹಳೆಯ ಮೈಸೂರು ರಾಜ್ಯದ ತಂಡ ಅದನ್ನು ನಾಲ್ಕು ಸಲ ಗೆದ್ದಿತು, ನಾಲ್ಕೂ ಸಲ ಫೈನಲ್‌ನಲ್ಲಿ ಬಂಗಾಳವನ್ನೇ ಸೋಲಿಸಿ. ಮೂರು ಗೆಲುವು ಬೆಂಗಳೂರಿನಲ್ಲೇ ಬಂದವು. 1967–68ರದ್ದು ಕಟಕ್‌ನಲ್ಲಿ. ಐವತ್ತು ವರ್ಷ ಕಳೆದು ಅದೇ ಊರಿನಲ್ಲಿ ನೀಲಿ ಜರ್ಸಿಯವರು ಕೋಲ್ಕತ್ತದ ಮೋಹನ್ ಬಾಗಾನ್ ವಿರುದ್ಧ ಕಪ್ ಎತ್ತಿದಾಗ ಹಳಬರಿಗೆ ಕಟಕ್ ಅನ್ನುವ ಹೆಸರು ಕೇಳಿಯೇ ಖುಷಿಯಾಗಿತ್ತು.

ಎಪ್ಪತ್ತರ ನಂತರದ ಕಾಲ ಕಾರ್ಖಾನೆಗಳದ್ದು. ಟೆಲಿಫೋನ್ ಮಾಡುವ ಐಟಿಐ, ವಿಮಾನ ಮಾಡುವ ಎಚ್‌ಎಎಲ್, ಜೊತೆಗೆ ರಕ್ಷಣಾ ಇಲಾಖೆಯ ರೇಡಾರ್ ಸಂಸ್ಥೆ ಎಲ್‌ಆರ್‌ಡಿಇ ತಂಡಗಳು. ಆಟಗಾರನಿಗೆ ಖಾಯಂ ನೌಕರಿ, ಅಭಿಮಾನಿ ಅಂದರೆ ಅದೇ ಕಾರ್ಖಾನೆಯ ಶಿಫ್ಟ್ ಮುಗಿಸಿ ಬಂದವನು. ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್ ಕಡೆಯ ಓಣಿಗಳಲ್ಲಿ ಹುಡುಗರು ಬೆಳೆಯುತ್ತಿದ್ದರು. ಗೌತಮಪುರದಲ್ಲಿ ಇವತ್ತಿಗೂ ಪೆಲೆ ಪ್ರತಿಮೆ ಇದೆ. ಹೋಗಿ ನೋಡಿ, ಬೀದಿಯ ನಡುವೆ ಬ್ರೆಜಿಲ್ ಆಟಗಾರನ ಪ್ರತಿಮೆ, ಸುತ್ತ ಮನೆಗಳು. ಚೆನ್ನಾಗಿ ಆಡಿದವರು ಮಾತ್ರ ಮತ್ತೆ ರೈಲು ಹತ್ತುತ್ತಿದ್ದರು. ಕಾರ್ಲ್‌ಟನ್ ಚಾಪ್‌ಮನ್ ಹಾಗೆ ಹೋದವರು. ಬೆಂಗಳೂರಿನ ಹುಡುಗ ಟಾಟಾ ಅಕಾಡೆಮಿಯಲ್ಲಿ ಕಲಿತು, 1993ರಲ್ಲಿ ಈಸ್ಟ್ ಬೆಂಗಾಲ್ ಪರ ಇರಾಕ್‌ನ ಅಲ್ ಜವ್ರಾ ತಂಡದ ವಿರುದ್ಧ ಹ್ಯಾಟ್ರಿಕ್ ಹೊಡೆದರು. ಪಂಜಾಬಿನ ಜೆಸಿಟಿ ಪರ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು. ಭಾರತ ತಂಡದ ನಾಯಕರೂ ಆಗಿದ್ದರು. 2020ರ ಅಕ್ಟೋಬರ್‌ನಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ, ಇದೇ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಆಟದ ಒಳ್ಳೆಯ ದಿನಗಳನ್ನು ಕಣ್ಣಾರೆ ಕಂಡವರು ಕೋಲ್ಕತ್ತ, ಪಂಜಾಬ್, ಕೊಚ್ಚಿಯ ಜನ. ಇದು ನನಗೆ ಯಾವತ್ತೂ ಸಂಕಟದ ಸಂಗತಿ.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದ ಮೇಲೆ ಈ ಕಥೆ ತಿರುವು ತೆಗೆದುಕೊಂಡಿತು. ಮೊದಲ ವರ್ಷ ಆಡಿದ್ದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಪಶ್ಚಿಮದ ಸ್ಟ್ಯಾಂಡ್‌ನಲ್ಲಿ ನಿಂತು ಹಾಡುತ್ತಿದ್ದ ಹುಡುಗರು ಅದೇ ಜಾಗದ ಹೆಸರಿಟ್ಟುಕೊಂಡರು, ವೆಸ್ಟ್ ಬ್ಲಾಕ್ ಬ್ಲೂಸ್. ಮೊದಲ ಪಂದ್ಯ ಸೆಪ್ಟೆಂಬರ್ 22ಕ್ಕೆ, ಮೋಹನ್ ಬಾಗಾನ್ ಎದುರು 1–1. ಆಸ್ಟ್ರೇಲಿಯಾದ ಷಾನ್ ರೂನಿ ಕ್ಲಬ್ಬಿನ ಮೊದಲ ಗೋಲ್ ಹೊಡೆದರು. ಕೋಚ್ ಆಶ್ಲಿ ವೆಸ್ಟ್‌ವುಡ್. ರಕ್ಷಣೆಯಲ್ಲಿ ಇಂಗ್ಲೆಂಡಿನ ಮಿಡಲ್ಸ್‌ಬ್ರೊ ಊರಿನ ಜಾನ್ ಜಾನ್ಸನ್, ಪಕ್ಕದಲ್ಲಿ ಕೀನ್ಯಾದ ಕರ್ಟಿಸ್ ಒಸಾನೊ. ಈ ಹೆಸರುಗಳನ್ನು ಮೊದಲ ವರ್ಷದವರು ಇವತ್ತಿಗೂ ಮನೆಮಂದಿಯ ಹೆಸರಿನಂತೆ ಹೇಳುತ್ತಾರೆ.

ಆ ವರ್ಷದ ಲೀಗ್‌ನಲ್ಲಿ ಗೋವಾದ್ದೇ ನಾಲ್ಕು ತಂಡಗಳಿದ್ದವು. ಹಾಗಾಗಿ ಪರ ಊರಿನ ಪಂದ್ಯಕ್ಕೆ ಮತ್ತೆ ಮತ್ತೆ ಗೋವಾಗೆ ಹೋಗಬೇಕಿತ್ತು. ರಾತ್ರಿ ಬಸ್ಸು ಹತ್ತಿ ಕಣ್ಣು ಮುಚ್ಚಿದರೆ ಬೆಳಿಗ್ಗೆ ಘಟ್ಟ ಇಳಿಯುತ್ತಿರುತ್ತೀರಿ. 2014ರ ಏಪ್ರಿಲ್ 21, ಸೋಮವಾರ, ಮಡಗಾಂವ್‌ನ ಫತೋರ್ಡಾ ಮೈದಾನದಲ್ಲಿ ಡೆಂಪೊ ವಿರುದ್ಧ 4–2. ಹುಟ್ಟಿ ಒಂದು ವರ್ಷ ತುಂಬದ ಕ್ಲಬ್ ದೇಶದ ಚಾಂಪಿಯನ್. ಸೋಮವಾರ ಕೆಲಸಕ್ಕೆ ಏನೇನೋ ಕಾರಣ ಹೇಳಿ ಹೋದವರು ಸ್ಟ್ಯಾಂಡ್‌ನಲ್ಲಿದ್ದರು. ತಂಡದ ಜೊತೆ ಜನವೂ ಹೊರಟದ್ದು, ಅಲ್ಲಿ ನಿಂತು ಗೆಲುವನ್ನು ಕಣ್ಣಾರೆ ಕಂಡದ್ದು, ನನ್ನ ಮಟ್ಟಿಗೆ ಬೆಂಗಳೂರಿನ ಫುಟ್‌ಬಾಲ್‌ನಲ್ಲಿ ನಿಜವಾಗಿ ಹೊಸದು ಅದೇ.

ಮರುವರ್ಷ ಇದರ ಇನ್ನೊಂದು ಮುಖ ನೋಡಿದೆವು. 2015ರ ಮೇ 31. ಕಂಠೀರವ. ಮಳೆ. ಲೀಗ್‌ನ ಕೊನೆಯ ಪಂದ್ಯ, ಎದುರಿಗೆ ಮೋಹನ್ ಬಾಗಾನ್. ನಾವು ಗೆದ್ದರೆ ಕಪ್ ನಮಗೆ, ಡ್ರಾ ಆದರೆ ಅವರಿಗೆ. ಮೊದಲಾರ್ಧದಲ್ಲೇ ಜಾನ್ಸನ್ ಗೋಲ್ ಹೊಡೆದರು. ಎಂಬತ್ತೇಳನೇ ನಿಮಿಷದವರೆಗೆ ನಾವೇ ಚಾಂಪಿಯನ್. ಆಗ ಸೋನಿ ನೋರ್ಡೆ ಕಾರ್ನರ್ ಹೊಡೆದರು, ಬೆಲ್ಲೊ ರಜಾಕ್ ಮೇಲಕ್ಕೆ ಜಿಗಿದರು. 1–1. ಕೋಲ್ಕತ್ತದಿಂದ ರೈಲಿನಲ್ಲಿ ಬಂದವರು, ಇಲ್ಲೇ ಕೆಲಸದಲ್ಲಿದ್ದ ಬಂಗಾಳಿಗಳು, ಎಲ್ಲ ಆ ಮಳೆಯಲ್ಲೇ ಅಳುತ್ತಿದ್ದರು. ಹದಿಮೂರು ವರ್ಷ ಕಾದಿದ್ದರು ಪಾಪ. ನನ್ನ ಎದುರಿನ ಬೇಲಿಯ ಆಚೆ ಒಬ್ಬರು ಹಿರಿಯರು ಹಸಿರು–ಕೆಂಗಂದು ಬಾವುಟವನ್ನು ಮುಖಕ್ಕೆ ಒತ್ತಿಕೊಂಡು ಕುಳಿತೇಬಿಟ್ಟಿದ್ದರು. ಕನ್ನಡಕ ಕೈಯಲ್ಲಿತ್ತು. ಆ ದಿನ ನಮಗೆ ನೋವಾಗಿತ್ತು. ಆದರೆ ಅವರ ಬದುಕಿನ ಅತಿ ದೊಡ್ಡ ಅವೇ ಮ್ಯಾಚ್ ನಮ್ಮ ಊರಿನಲ್ಲಿ ನಡೆಯಿತು ಅನ್ನುವುದು ಈಗ ಯೋಚಿಸಿದರೆ ಒಂಥರಾ ಸಮಾಧಾನ ಕೊಡುತ್ತದೆ.

ಏಷ್ಯಾದ ಕ್ಲಬ್‌ಗಳು ಆಡುತ್ತಿದ್ದ ಎಎಫ್‌ಸಿ ಕಪ್‌ನ 2016ರ ಸೀಸನ್ ಬಗ್ಗೆ ಕೇಳಿದರೆ ಯಾರೂ ಬೇಗ ಮಾತು ಮುಗಿಸುವುದಿಲ್ಲ. ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಜೊಹೋರ್. ಮಲೇಷ್ಯಾದಲ್ಲಿ ಯೂಜೆನ್‌ಸನ್ ಲಿಂಗ್ಡೊ ಗೋಲ್‌ನಿಂದ 1–1. ಕಂಠೀರವದಲ್ಲಿ ಮೊದಲು ಗೋಲ್ ಬಿಟ್ಟುಕೊಟ್ಟು, ಆಮೇಲೆ ಚೆಟ್ರಿ ಎರಡು, ಹ್ವಾನನ್ ಒಂದು ಹೊಡೆದು 3–1. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್. ನವೆಂಬರ್ 5ಕ್ಕೆ ದೋಹಾದಲ್ಲಿ ಇರಾಕ್‌ನ ಏರ್ ಫೋರ್ಸ್ ಕ್ಲಬ್ ಎದುರು ಫೈನಲ್. ಗೋಲ್‌ಕೀಪರ್ ಅಮರಿಂದರ್ ಸಿಂಗ್‌ಗೆ ಆ ಪಂದ್ಯ ಆಡುವಂತಿರಲಿಲ್ಲ, ಲಾಲ್ತುಅಮ್ಮಾವಿಯಾ ರಾಲ್ಟೆ ನಿಂತರು. ಇಲ್ಲಿಂದ ಹೋದವರಿಗೆ ಅಲ್ಲಿ ದುಡಿಯುವ ನಮ್ಮವರು ಜೊತೆಯಾದರು. 70ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಒಂದು ಗೋಲ್ ಹೊಡೆದರು. ಅಷ್ಟೇ. ಸೋತ ಪಂದ್ಯ ಅದು. ಆದರೂ ದೋಹಾಗೆ ಹೋಗಿದ್ದೆ ಅನ್ನುವವರ ಮಾತಿಗೆ ನಮ್ಮಲ್ಲಿ ಈಗಲೂ ಒಂದು ತೂಕ ಇದೆ.

ಆಟಗಾರರು ಬಿಟ್ಟುಹೋಗುವುದು ಇನ್ನೊಂದು ನೋವು. 2017ರ ಮೇ 21ರಂದು ಕಟಕ್‌ನ ಬಾರಾಬತಿಯಲ್ಲಿ ಮೋಹನ್ ಬಾಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಎರಡೂ ಗೋಲ್ ಹೊಡೆದವರು ಸಿ.ಕೆ. ವಿನೀತ್. ಮುಂದಿನ ಸೀಸನ್‌ಗೆ ಅವರು ಕೇರಳ ಬ್ಲಾಸ್ಟರ್ಸ್ ಪಾಲಾದರು. ಅದೇ ಡಿಸೆಂಬರ್ 31ರಂದು ಕೊಚ್ಚಿಯಲ್ಲಿ, ಹಳದಿ ಕಡಲಿನ ನಡುವೆ ಒಂದು ಮೂಲೆಯಲ್ಲಿ ನಿಂತ ನೀಲಿ ಗುಂಪು 3–1ರ ಗೆಲುವು ಕಂಡಿತು. ಹೊಸ ವರ್ಷದ ಪಾರ್ಟಿ ಬಿಟ್ಟು ಬಂದಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಆದರೂ ವಿನೀತ್ ಮಾತು ಬಂದರೆ ನಮ್ಮವರ ದನಿ ಮೆತ್ತಗಾಗುತ್ತದೆ. ಕಟಕ್ ನೆನಪಿರುವವರಿಗೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ಆಗಲ್ಲ, ಅಲ್ವಾ?

2025ರ ಜುಲೈಯಲ್ಲಿ ಐಎಸ್‌ಎಲ್ ಅನ್ನೇ ತಡೆಹಿಡಿದರು. ಲೀಗ್ ಪಂದ್ಯಗಳಿಲ್ಲದ ಆ ತಿಂಗಳುಗಳಲ್ಲಿ ನಮಗೆ ಮಾತಾಡಲು ಉಳಿದದ್ದು ಹಳೆಯ ಪಂದ್ಯಗಳೇ. ಯಾರದೋ ಪೆಟ್ಟಿಗೆಯಿಂದ ಫತೋರ್ಡಾ ಟಿಕೆಟ್ ಹೊರಬಂತು, ಇನ್ಯಾರೋ ಜಾನ್ಸನ್ ಸಹಿ ಮಾಡಿದ ಜರ್ಸಿ ತಂದರು. ನಮ್ಮದಾದರೂ ಫೋನಿನ ಫೋಟೊಗಳಲ್ಲಿ ಉಳಿದಿದೆ. ಐಟಿಐ, ಎಲ್‌ಆರ್‌ಡಿಇ ಕಾಲದವರ ನೆನಪು ಅವರ ತಲೆಯಲ್ಲಿ ಮಾತ್ರ ಇದೆ. ಅವರನ್ನು ಕೂರಿಸಿ ಕೇಳಿ ಬರೆದುಕೊಳ್ಳುವ ಕೆಲಸ ಈಗಲೇ ಆಗಬೇಕು.

ಯಾಕೆ ಹೇಳುತ್ತೇನೆಂದರೆ, 2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ಎದುರಾಳಿಗಳು ಸಿದ್ಧರಾಗುವ ಮೊದಲೇ ಚೆಟ್ರಿ ಹೊಡೆದ ಆ ಫ್ರೀ ಕಿಕ್, ಆ ಗೋಲ್ ಒಪ್ಪದೆ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆದದ್ದು, ಇದರ ಗಲಾಟೆಯಲ್ಲಿ ಮಾರನೇ ದಿನದ ಪಂದ್ಯವನ್ನು ನಾವು ಅರ್ಧಂಬರ್ಧ ಗಮನಿಸಿದೆವು. ಸೌದಿಯ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಫೈನಲ್. ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತು. 54 ವರ್ಷಗಳ ಮೇಲೆ ಬಂದ ಕಪ್. ಕರ್ನಾಟಕ ಅನ್ನುವ ಹೆಸರಿನಲ್ಲಿ ಮೊದಲನೆಯದು. ಹಿಂದಿನವೆಲ್ಲ ಮೈಸೂರಿನ ಹೆಸರಿನಲ್ಲಿದ್ದವು.

ಅದರ ಮಾರನೇ ಬೆಳಿಗ್ಗೆ ಹಲಸೂರಿನಲ್ಲಿ ಕಾಫಿ ಕುಡಿಯುತ್ತಿದ್ದಾಗ, ನನ್ನ ನೀಲಿ ಜರ್ಸಿ ನೋಡಿ ಹಿರಿಯರೊಬ್ಬರು ಮಾತಿಗೆ ಬಂದರು. ಹಿಂದಿನ ಕಪ್ ಬೆಂಗಳೂರಿನಲ್ಲೇ ಗೆದ್ದಾಗ ಅಣ್ಣನ ಹೆಗಲ ಮೇಲೆ ಕೂತು ನೋಡಿದ್ದರಂತೆ. ಅವರಿಗೆ ಫ್ರೀ ಕಿಕ್ ಗಲಾಟೆ ಬೇಕಿರಲಿಲ್ಲ. "ರಿಯಾದ್‌ನಲ್ಲಿ ಗೋಲ್ ಯಾರ್ಯಾರು ಹೊಡೆದರು, ಹೇಳಪ್ಪ" ಅಂದರು. ನನಗೆ ಒಂದೇ ಹೆಸರು ಗೊತ್ತಿತ್ತು. ಫೋನ್ ತೆಗೆದು ಓದಿದೆ. ಸುನಿಲ್ ಕುಮಾರ್, ಬೆಕೆ ಓರಂ, ರಾಬಿನ್ ಯಾದವ್. ಅವರು ಲೋಟ ಕೆಳಗಿಟ್ಟು ಮೂರೂ ಹೆಸರನ್ನು ಬಾಯಿಪಾಠ ಮಾಡುವವರಂತೆ ನಿಧಾನವಾಗಿ ಹೇಳಿಕೊಂಡರು. ಆಮೇಲೆ ಇನ್ನೊಂದು ಸಲ ಓದಿಸಿಕೊಂಡರು.