6 ದೇಶಗಳು 27 ಆದಾಗ ತೀರ್ಮಾನ ಯಾರದ್ದು?

ತುಮಕೂರು ಜಿಲ್ಲೆಯಲ್ಲಿ ಮಿಡಿ ಸೌತೆ ಬೆಳೆಯುವವರು ಮನಸ್ಸಿಗೆ ಬಂದ ಔಷಧಿ ಹೊಡೆಯುವ ಹಾಗಿಲ್ಲ. ಆ ಕಾಯಿ ನಮ್ಮ ಊಟಕ್ಕಲ್ಲ, ಹೊರದೇಶಕ್ಕೆ. ಯುರೋಪಿಗೂ ಹೋಗುತ್ತದೆ. ಅಲ್ಲಿ ಕಾಯಿಯಲ್ಲಿ ಔಷಧಿಯ ಅಂಶ ಎಷ್ಟಿರಬಹುದು ಎಂದು ಮಿತಿ ಹಾಕುವುದು ಐರೋಪ್ಯ ಒಕ್ಕೂಟ. ಅದರಲ್ಲಿ ಈಗ 27 ದೇಶಗಳಿವೆ. ಇಷ್ಟು ದೇಶಗಳು ಒಂದು ಮಾತಿಗೆ ಬರುವುದು ಹೇಗೆ ಅನ್ನುವುದು ನಮಗೂ ಸಂಬಂಧಿಸಿದ ವಿಷಯವೇ ಅಲ್ವಾ?

1957ರಲ್ಲಿ ಈ ಒಕ್ಕೂಟಕ್ಕೆ ಬುನಾದಿ ಹಾಕಿದ ರೋಮ್ ಒಪ್ಪಂದಕ್ಕೆ ಸಹಿ ಹಾಕಿದ್ದು 6 ದೇಶಗಳು. ಮಂತ್ರಿಗಳ ಸಭೆಯಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿಗೆ ತಲಾ 4 ಮತ. ಬೆಲ್ಜಿಯಂ, ನೆದರ್ಲೆಂಡ್ಸ್‌ಗೆ ತಲಾ 2. ಲಕ್ಸೆಂಬರ್ಗ್‌ಗೆ 1. ಕಾನೂನಿನ ಪ್ರಸ್ತಾವ ಮುಂದಿಡುವುದು ಆಯೋಗ, ಅಂದರೆ ಒಕ್ಕೂಟದ ಆಡಳಿತ ಸಂಸ್ಥೆ. ಒಟ್ಟು 17ರಲ್ಲಿ 12 ಬಿದ್ದರೆ ಆಯೋಗದ ಪ್ರಸ್ತಾವ ಪಾಸು. ಲೆಕ್ಕ ಹಾಕಿ ನೋಡಿ. ಲಕ್ಸೆಂಬರ್ಗ್‌ನ 1 ಸೇರಿ 12 ಆಗಬೇಕಾದರೆ ಉಳಿದವರಿಂದ 11 ಬರಬೇಕು. ಅವರ ಮತಗಳನ್ನು ಹೇಗೆ ಕೂಡಿದರೂ 11 ಬರುವುದೇ ಇಲ್ಲ. ಹಾಗಾಗಿ ಲಕ್ಸೆಂಬರ್ಗ್‌ನ ಒಂದು ಮತದಿಂದ ಅಂಥ ಪ್ರಸ್ತಾವಗಳ ಫಲಿತಾಂಶ ಬದಲಾಗುವಂತಿರಲಿಲ್ಲ. ಎಲ್ಲರೂ ಒಪ್ಪಲೇಬೇಕಾದ ವಿಷಯಗಳಲ್ಲಿ ಮಾತ್ರ ಆ ಪುಟ್ಟ ದೇಶಕ್ಕೆ ನಿಜವಾದ ಬಲ.

ದೊಡ್ಡವರಿಗೂ ಬಹುಮತದ ಭಯವಿತ್ತು. 1965ರಲ್ಲಿ ಫ್ರಾನ್ಸ್ ಅಧ್ಯಕ್ಷ ಡಿ ಗಾಲ್ ತಮ್ಮ ಮಂತ್ರಿಗಳನ್ನು ಸಭೆಗೆ ಕಳಿಸುವುದನ್ನೇ ನಿಲ್ಲಿಸಿದರು. ಕೃಷಿ ಹಣಕಾಸಿನ ಜಗಳ ಒಂದು ಕಡೆ, ಬಹುಮತದ ತೀರ್ಮಾನ ಜಾಸ್ತಿಯಾಗುತ್ತದೆ ಎಂಬ ಸಿಟ್ಟು ಇನ್ನೊಂದು ಕಡೆ. 1966ರ ಜನವರಿಯಲ್ಲಿ ರಾಜಿಯಾಯಿತು. ಒಂದು ದೇಶಕ್ಕೆ ತೀರಾ ಮುಖ್ಯವಾದ ವಿಷಯವಿದ್ದರೆ ಎಲ್ಲರೂ ಒಪ್ಪುವ ತನಕ ಮಾತಾಡಬೇಕು ಎಂದು ಫ್ರಾನ್ಸ್ ಪಟ್ಟು ಹಿಡಿದಿತ್ತು. ಆಮೇಲೆ ಎಷ್ಟೋ ವರ್ಷ ಮತಕ್ಕೆ ಹಾಕುವುದೇ ಅಪರೂಪವಾಯಿತು.

1973ರಲ್ಲಿ 9 ದೇಶ, 1986ಕ್ಕೆ 12. ಪ್ರತಿಯೊಬ್ಬರ ಒಪ್ಪಿಗೆಗೆ ಕಾಯುತ್ತಾ ಕೂತರೆ ಒಂದೇ ಮಾರುಕಟ್ಟೆ ಕಟ್ಟಲು ಆಗುವುದಿಲ್ಲ ಎಂದು ಗೊತ್ತಾಯಿತು. 1987ರಲ್ಲಿ ಜಾರಿಯಾದ ಒಪ್ಪಂದ ಮಾರುಕಟ್ಟೆಯ ಹೆಚ್ಚಿನ ವಿಷಯಗಳನ್ನು ಬಹುಮತಕ್ಕೆ ಬಿಟ್ಟಿತು. 2004ರ ಮೇ 1ರಂದು ಒಂದೇ ದಿನ 10 ದೇಶಗಳು ಸೇರಿದವು. ಹಳೆಯ ಮತಗಳ ಲೆಕ್ಕ ಇನ್ನು ಸಾಲದಾಯಿತು.

ಈಗಿನ ನಿಯಮ ಲಿಸ್ಬನ್ ಒಪ್ಪಂದದ್ದು, 2014ರಿಂದ ನಡೆಯುತ್ತಿದೆ. ಶೇ 55ರಷ್ಟು, ಅಂದರೆ 15 ದೇಶಗಳು ಒಪ್ಪಬೇಕು. ಅವುಗಳಲ್ಲಿ ಒಕ್ಕೂಟದ ಶೇ 65ರಷ್ಟು ಜನ ಇರಬೇಕು. ತಡೆಯುವುದಕ್ಕೂ ಕನಿಷ್ಠ 4 ದೇಶ ಬೇಕು. ನಮ್ಮ ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕದ ಮತಕ್ಕೂ ಸಿಕ್ಕಿಂ ಮತಕ್ಕೂ ಒಂದೇ ತೂಕ. ಒಕ್ಕೂಟದಲ್ಲಿ ಹಾಗಲ್ಲ, ದೇಶವನ್ನೂ ಎಣಿಸುತ್ತಾರೆ, ಜನರನ್ನೂ ಎಣಿಸುತ್ತಾರೆ. ನನಗೆ ಇದು ನ್ಯಾಯವಾದ ದಾರಿ ಅನ್ನಿಸುತ್ತದೆ.

ಆದರೂ ಸಿಕ್ಕಿಹಾಕಿಕೊಳ್ಳುತ್ತದೆ. 2023ರಲ್ಲಿ ಗ್ಲೈಫೊಸೇಟ್ ಕಳೆನಾಶಕದ ಅನುಮತಿ ಮುಂದುವರಿಸಬೇಕೇ ಎಂದು ಎರಡು ಸಲ ಮತ ಹಾಕಿದರು. ಜರ್ಮನಿ, ಫ್ರಾನ್ಸ್ ಯಾವ ಕಡೆಗೂ ಸೇರಲಿಲ್ಲ. ಪರವಾಗಿಯೂ ವಿರುದ್ಧವಾಗಿಯೂ ಬಹುಮತ ಬರಲಿಲ್ಲ. ಕೊನೆಗೆ ಆಯೋಗವೇ 10 ವರ್ಷ ಅನುಮತಿ ಕೊಟ್ಟಿತು. ರೈತರ ಹೊಲಕ್ಕೂ ಜನರ ತಟ್ಟೆಗೂ ಮುಟ್ಟುವ ವಿಷಯದಲ್ಲಿ ಚುನಾಯಿತ ಸರ್ಕಾರಗಳು ಹೀಗೆ ಪಕ್ಕಕ್ಕೆ ಸರಿಯುವುದು ಸರಿಯಲ್ಲ.

ತೆರಿಗೆ, ವಿದೇಶಾಂಗ ನೀತಿ, ಹೊಸಬರ ಸೇರ್ಪಡೆ ಇವಕ್ಕೆ ಇನ್ನೂ ಎಲ್ಲರೂ ಒಪ್ಪಬೇಕು. 2023ರ ಡಿಸೆಂಬರ್‌ನಲ್ಲಿ ಉಕ್ರೇನ್ ಜತೆ ಸೇರ್ಪಡೆಯ ಮಾತುಕತೆ ಶುರುಮಾಡುವ ತೀರ್ಮಾನದ ಹೊತ್ತಿಗೆ ಹಂಗೆರಿಯ ಪ್ರಧಾನಿ ಓರ್ಬಾನ್ ಸಭೆಯಿಂದ ಎದ್ದು ಹೊರಗೆ ಹೋದರು. ಅವರು ವಿರೋಧಿಸಿ ಮತ ಹಾಕದ ಕಾರಣ ಉಳಿದ 26 ದೇಶಗಳು ತೀರ್ಮಾನ ಮಾಡಿದವು.

ಅದೇ ವರ್ಷ ಫ್ರಾನ್ಸ್, ಜರ್ಮನಿ ನೇಮಿಸಿದ 12 ತಜ್ಞರು, ಹೊಸಬರು ಬರುವ ಮುಂಚೆ ವೀಟೊ, ಅಂದರೆ ಒಂದೇ ದೇಶ ತಡೆಯುವ ಹಕ್ಕು, ಕಡಿಮೆ ಮಾಡಿ ಎಂದರು. ಸಣ್ಣ ದೇಶಗಳ ಆತಂಕ ನೋಡಿ, ಶೇ 55 ಮತ್ತು 65ರ ಬದಲು ಎರಡನ್ನೂ ಶೇ 60 ಮಾಡಿ ಎಂದೂ ಸಲಹೆ ಕೊಟ್ಟರು. ಈ ಬದಲಾವಣೆಗೆ 27 ದೇಶಗಳೂ ಒಪ್ಪಬೇಕು.